ಹೊಲಗೆಲಸದ ಹೆಂಗಸರ ಮಂಡಿನೋವು

ಎತ್ತು ಕುಂಟಿದರೆ ಒಡೆಯನು ಅಂದೇ ನೊಗವನ್ನಿಳಿಸಿ ಪಶುವೈದ್ಯರನ್ನು ಕರೆಸುವನು. ಅದೇ ಹೊಲದಲ್ಲಿ ಕಳೆ ಕೀಳುವ ಹೆಂಗಸು ನೆಲಕ್ಕೆ ಕೈಯೂರಿ ಕಷ್ಟದಿಂದ ಏಳುವುದನ್ನು ಎಷ್ಟೋ ವರ್ಷಗಳಿಂದ ಕಂಡಿದ್ದರೂ, ವಯಸ್ಸಾಯಿತು, ವಾಯು ಹಿಡಿದಿದೆ ಎಂದು ಸುಮ್ಮನಾಗುವುದೇ ರೂಢಿಯಾಗಿರುವುದು. ಈ ವಿಷಯವು ಕೇವಲ ವೈದ್ಯರಿಗೆ ಸೇರಿದುದಲ್ಲ. ಬಿತ್ತನೆಯ ಕ್ರಮಕ್ಕೂ ಹೆಂಗಸರ ಮಂಡಿಗೂ ಸಂಬಂಧವುಂಟು. ಆದಕಾರಣ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಇದನ್ನು ಗಮನವಿಟ್ಟು ಓದಬೇಕಾಗಿ ಕೋರುತ್ತೇವೆ.

ಮೊಣಕಾಲಿನ ಕೀಲಿನಲ್ಲಿ ತೊಡೆಯ ಮೂಳೆಯ ಕೆಳತುದಿಯೂ ಕಾಲಿನ ದೊಡ್ಡ ಮೂಳೆಯ ಮೇಲ್ತುದಿಯೂ ಕೂಡುವುವು; ಮುಂದುಗಡೆ ಮಂಡಿಚಿಪ್ಪು ಇರುವುದು. ಈ ಮೂಳೆಗಳು ಒಂದಕ್ಕೊಂದು ತಗಲುವ ಕಡೆಯಲ್ಲಿ ಮೃದ್ವಸ್ಥಿಯೆಂಬ ನುಣುಪಾದ ಹೊದಿಕೆಯುಂಟು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ಹಾಗೆ ಕೀಲಿನೊಳಗಣ ದ್ರವವು ಈ ಹೊದಿಕೆಗಳು ಉಜ್ಜದಂತೆ ಕಾಪಾಡುವುದು. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಕಾಲನ್ನು ಮಡಿಸಿ ನೀಡುವಾಗ, ಭಾರ ಬಿದ್ದು ಬಿಡುವಾಗ, ಆ ದ್ರವವು ಅದರ ಒಳಹೊರಗೆ ಹರಿಯುವುದರಿಂದಲೇ ಅದಕ್ಕೆ ಪೋಷಣೆ ದೊರೆಯುವುದು. ಆದುದರಿಂದ ಒಮ್ಮೆ ಸವೆದ ಮೃದ್ವಸ್ಥಿಯು ಚರ್ಮದ ಗಾಯದಂತೆ ಮಾಯತಕ್ಕದ್ದಲ್ಲ. ಅದರಲ್ಲಿ ನರಗಳೂ ಇಲ್ಲದಿರುವುದರಿಂದ ಸವೆತವು ಆರಂಭವಾದಾಗ ನೋವೂ ತೋರುವುದಿಲ್ಲ. ಕೀಲಿನ ಒಳಪೊರೆಯು ಬಾತು, ಮೂಳೆಯ ಅಂಚುಗಳು ಬೆಳೆದು, ಮೂಳೆಗೆ ನೇರವಾಗಿ ಒತ್ತಡ ತಗಲಿದ ಮೇಲೆಯೇ ನೋವು ಕಾಣಿಸುವುದು. ಇದಕ್ಕೆ ವೈದ್ಯರು ಅಸ್ಥಿಸಂಧಿವಾತವೆಂದು ಹೆಸರಿಟ್ಟಿರುವರು.

ವಿಶ್ವ ಆರೋಗ್ಯ ಸಂಸ್ಥೆಯವರ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 52 ಕೋಟಿ 80 ಲಕ್ಷ ಜನರಿಗೆ ಈ ರೋಗವಿದ್ದು, ಅವರಲ್ಲಿ ನೂರಕ್ಕೆ 60 ಮಂದಿ ಹೆಂಗಸರಾಗಿದ್ದರು. ಎಲ್ಲಾ ಕೀಲುಗಳಿಗಿಂತ ಮೊಣಕಾಲಿಗೇ ಇದು ಹೆಚ್ಚಾಗಿ ತಗಲುವುದು. ಐವತ್ತು ವರ್ಷದೊಳಗೆ ಗಂಡಸರಲ್ಲಿ ಈ ರೋಗವು ಕಡಮೆಯೇನೂ ಅಲ್ಲ; ಬಿದ್ದು ಪೆಟ್ಟಾದ ಮಂಡಿಗಳು ಅವರಲ್ಲಿಯೇ ಹೆಚ್ಚು. ಐವತ್ತು ದಾಟಿದ ಮೇಲೆ, ಮುಟ್ಟು ನಿಲ್ಲುವ ಕಾಲದಿಂದೀಚೆಗೆ, ಹೆಂಗಸರ ಸಂಖ್ಯೆಯು ಗಂಡಸರದನ್ನು ಮೀರುತ್ತ ಹೋಗುವುದು.

ಇದಕ್ಕೆ ಕಾರಣವು ಒಂದೇ ಅಲ್ಲ. ಸಮಾನ ವಯಸ್ಸಿನ ಗಂಡಸರೊಡನೆ ಹೋಲಿಸಿದರೆ ಹೆಂಗಸರ ಮಂಡಿಯ ಮೃದ್ವಸ್ಥಿಯು ಪ್ರಮಾಣದಲ್ಲಿ ಕಡಮೆ. ತೊಡೆಯ ಮುಂಭಾಗದ ಸ್ನಾಯುವೂ ಅಷ್ಟು ಬಲವಾದುದಲ್ಲ. ಈ ಸ್ನಾಯುವು ಮಂಡಿಗೆ ಆಸರೆಯಾಗಿದ್ದು ನಡೆಯುವಾಗಿನ ಪೆಟ್ಟನ್ನು ತಾನು ಹೊರುವುದು. ದೇಹದ ತೂಕಕ್ಕೆ ತಕ್ಕ ಬಲ ಆ ಸ್ನಾಯುವಿಗೆ ಇಲ್ಲದಿರುವುದು ಹೆಂಗಸರಲ್ಲಿ ಮುಂದೆ ರೋಗ ಬರಲು ಕಾರಣವಾಗಬಹುದೆಂದು ಅಮೆರಿಕದ ಇಂಡಿಯಾನಾ ಪ್ರಾಂತದ ಪರಿಶೀಲಕರು 1998ರಲ್ಲಿ ಪ್ರಕಟಿಸಿದರು. ತೂಕದ ವಿಷಯದಲ್ಲಿಯಂತೂ ಸಂದೇಹಕ್ಕೆ ಎಡೆಯಿಲ್ಲ. ಅದೇ ದೇಶದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಬಹುಕಾಲ ನಡೆದ ಪರಿಶೀಲನೆಯಿಂದ, ಹತ್ತು ವರ್ಷಗಳಲ್ಲಿ ಸುಮಾರು 5 ಕಿಲೋ ತೂಕ ಇಳಿಸಿಕೊಂಡ ಹೆಂಗಸರಲ್ಲಿ ಈ ರೋಗದ ಸಂಭವವು ಅರ್ಧಕ್ಕಿಂತಲೂ ಹೆಚ್ಚಾಗಿ ತಗ್ಗಿತೆಂದು 1992ರಲ್ಲಿ ತಿಳಿದುಬಂತು.

ಆದರೆ ನಮ್ಮ ಕೂಲಿಯ ಹೆಂಗಸರಲ್ಲಿ ಅನೇಕರು ಸಣಕಲು ದೇಹದವರು. ಅವರಿಗೇಕೆ ಈ ನೋವು? ಇಲ್ಲಿ ಚೀನಾ ದೇಶದ ಪೀಕಿಂಗ್ ಅಥವಾ ಬೀಜಿಂಗ್ ನಗರದ ಪರಿಶೀಲನೆಯು ಬಹಳ ಉಪಯುಕ್ತವಾದುದು. ಅಲ್ಲಿನ ಅರವತ್ತು ಮೀರಿದ ಹೆಂಗಸರು ಫ್ರೇಮಿಂಗ್‌ಹ್ಯಾಮಿನ ಹೆಂಗಸರಿಗಿಂತ ತೆಳ್ಳಗಿನವರಾಗಿದ್ದರೂ, ಎಕ್ಸ್‌ರೇ ತೆಗೆದು ನೋಡಲಾಗಿ ಅವರಲ್ಲಿಯೇ ಮಂಡಿಯ ಸವೆತವು ಹೆಚ್ಚಾಗಿತ್ತು. ಗಂಡಸರಲ್ಲಿ ಇಂತಹ ಹೆಚ್ಚಳವು ಕಾಣಲಿಲ್ಲ. ಇದು 2001ರಲ್ಲಿ ಪ್ರಕಟವಾಯಿತು. ಅನಂತರ 2004ರಲ್ಲಿ ಅದೇ ತಂಡದವರು, ಇಪ್ಪತ್ತೈದರ ವಯಸ್ಸಿನಲ್ಲಿ ದಿನಕ್ಕೆ ಎಷ್ಟು ಹೊತ್ತು ಕುಕ್ಕರಗಾಲಿನಲ್ಲಿ ಕೂರುತ್ತಿದ್ದಿರೆಂದು ಅಲ್ಲಿನ ವೃದ್ಧರನ್ನು ಕೇಳಿದುದರ ಫಲವನ್ನು ತಿಳಿಸಿದರು. ಒಂದು ಗಂಟೆಯೋ ಅದಕ್ಕೂ ಹೆಚ್ಚೋ ಕೂರುತ್ತಿದ್ದವರು ಗಂಡಸರಲ್ಲಿ ನೂರಕ್ಕೆ 40, ಹೆಂಗಸರಲ್ಲಿ ಸುಮಾರು 68. ಮೂರು ಗಂಟೆಗೆ ಕಡಮೆಯಿಲ್ಲದೆ ಕೂರುತ್ತಿದ್ದವರಲ್ಲಿ ರೋಗದ ಸಂಭವವು, ಅರ್ಧ ಗಂಟೆಯೂ ಕೂರದವರಿಗಿಂತ ಸುಮಾರು ಎರಡರಷ್ಟಿತ್ತು. ಇವರು ನಗರವಾಸಿಗಳೆಂಬುದನ್ನು ಮರೆಯಲಾಗದು. ಕಳೆಯ ಕಾಲದಲ್ಲಿ ನಮ್ಮ ಹೆಂಗಸರು ಹೊಲದಲ್ಲಿ ಕುಕ್ಕರಗಾಲಿನಲ್ಲಿ ಸರಿಯುವ ಹೊತ್ತನ್ನು ವಾಚಕರೇ ಎಣಿಸಿ ನೋಡಲಿ. ಅದರ ಮೇಲೆ ಹಾಲು ಕರೆಯುವುದು, ಕೊಟ್ಟಿಗೆ ಬಳಿಯುವುದು, ನೆಲದ ಮೇಲಣ ಒಲೆಯ ಮುಂದೆ ಕೂರುವುದು, ಇವೂ ಸೇರುವುವು. ಊಟಕ್ಕೋ ಮಾತಿಗೋ ಸ್ವಲ್ಪ ಹೊತ್ತು ನೆಲದ ಮೇಲೆ ಕುಳಿತರೆ ಕೇಡಿಲ್ಲ. ಗಂಟೆಗಟ್ಟಲೆ, ದಿನಗಟ್ಟಲೆ ಹಾಗೆಯೇ ಇರುವುದು ಬೇರೆ ಮಾತು.

ವಯಸ್ಸನ್ನೂ ಹೆಣ್ಣುದೇಹವನ್ನೂ ಬದಲಿಸಲಾಗದು. ಕಳೆ ಕೀಳುವ ಕ್ರಮವನ್ನು ಬದಲಿಸುವುದು ಜಮೀನುದಾರರ ಕೈಯಲ್ಲಿದೆ. ರಾಗಿಯನ್ನು ಚೆಲ್ಲಿ ಬಿತ್ತಿದರೆ ಎಡೆಕುಂಟೆಯನ್ನು ಸರಿಯಾಗಿ ಹೊಡೆಯಲಾಗದೆ ಇಡೀ ಹೊಲದ ಕಳೆಯು ಹೆಂಗಸರ ಕೈಗೇ ಬೀಳುವುದು. ಕೂರಿಗೆಯಿಂದ ಸಾಲು ಹಿಡಿದು ಬಿತ್ತಿದರೆ ಸಾಲುಗಳ ನಡುವಣ ಕಳೆಯನ್ನು ಎತ್ತಿನ ಎಡೆಕುಂಟೆಯೋ ನಿಂತು ತಳ್ಳುವ ಸೈಕಲ್ ಎಡೆಕುಂಟೆಯೋ ತೆಗೆಯುವುದು. ಗಿಡಗಳ ಬುಡದಲ್ಲಿ ಉಳಿದಷ್ಟೇ ಕೈಕಳೆ. ಬತ್ತದಲ್ಲಿಯೂ ಸಾಲು ನಾಟಿ ಮಾಡಿದರೆ ನೀರು ನಿಂತ ಗದ್ದೆಯಲ್ಲಿ ಕೋನೋವೀಡರ್ ತಳ್ಳಬಹುದು. ಡ್ರಂ ಸೀಡರಿನಿಂದ ಮೊಳಕೆ ಬೀಜವನ್ನು ನೇರವಾಗಿ ಬಿತ್ತಿದರೆ ನಾಟಿಯ ಕೆಲಸವೇ ತಪ್ಪುವುದು. ನೆಲಗಡಲೆ ಸುಲಿಯಲು ನಿಂತು ನಡೆಸುವ ಯಂತ್ರವುಂಟು. ಹಾಲು ಕರೆಯಲು ಗಿಡ್ಡ ಮಣೆಯೊಂದಿದ್ದರೂ ಮಂಡಿ ಅಷ್ಟು ಮಡಿಯುವುದು ತಪ್ಪುವುದು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳದಿರಲಾಗದು. ಸಲಕರಣೆಯು ಊರಿಗೆ ಬಂದೊಡನೆ ಗಂಡಸರ ಕೈಸೇರಿ, ಹೆಂಗಸರಿಗೆ ಕೂಲಿ ತಪ್ಪಿ, ಬಗ್ಗಿ ಮಾಡುವ ಕೆಲಸ ಮಾತ್ರ ಅವರಿಗೆ ಉಳಿಯುವುದುಂಟು. ಅದರಿಂದ ಮಂಡಿಯೂ ಉಳಿಯದು, ಸಂಸಾರವೂ ನಡೆಯದು. ಅವರ ಎತ್ತರಕ್ಕೆ ತಕ್ಕ ಹಿಡಿ ಹಾಕಿಸಿ, ಅವರಿಗೇ ನಡೆಸಲು ಕಲಿಸುವುದು ಮೇಲು.

ನೋವು ಈಗಾಗಲೇ ಬಂದವರು ಪೂರ್ತಿಯಾಗಿ ಮಲಗಿಬಿಡುವುದು ತಪ್ಪು. ಚಲನೆಯಿಲ್ಲದ ಕೀಲಿಗೆ ಪೋಷಣೆಯೂ ಕಡಮೆ, ಸ್ನಾಯುವೂ ಕರಗುವುದು. ಜಗಲಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ನೀಡಿ, ತೊಡೆಯನ್ನು ಬಿಗಿಹಿಡಿದು ಐದು ಎಣಿಸಿ ಇಳಿಸುವುದು. ಹೀಗೆ ಹತ್ತು ಸಲ, ಎರಡು ಹೊತ್ತು ಮಾಡಬೇಕು. ಒಂದು ಕಾಲು ಮಾತ್ರ ನೋಯುತ್ತಿದ್ದರೆ ಊರುಗೋಲನ್ನು ಆ ಕಡೆಯ ಕೈಯಲ್ಲಲ್ಲ, ಎದುರು ಕಡೆಯ ಕೈಯಲ್ಲಿ ಹಿಡಿಯತಕ್ಕದ್ದು. ಎಣ್ಣೆ ತಿಕ್ಕಿ ಬಿಸಿನೀರಿನ ಶಾಖ ಕೊಟ್ಟರೆ ಹಿತವಾಗುವುದು, ಸವೆದುದು ಮಾತ್ರ ಬೆಳೆಯದು. ಅಂಗಡಿಯಲ್ಲಿ ಕೊಂಡ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುವುದೂ ಮೂತ್ರಪಿಂಡ ಕೆಡುವುದೂ ಉಂಟು.

ಆಸ್ಪತ್ರೆಗೆ ಹೋದರೂ ಹೆಂಗಸರ ನೋವಿಗೆ ಸಮನಾದ ಗಮನ ದೊರೆಯುವುದೆಂದು ನಂಬುವಂತಿಲ್ಲ. ಕೆನಡಾ ದೇಶದಲ್ಲಿ ಒಂದೇ ಬಗೆಯ ಮಂಡಿರೋಗವುಳ್ಳ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ 71 ವೈದ್ಯರ ಬಳಿಗೆ ಕಳುಹಿಸಿ ನೋಡಿದರು. ನೂರಕ್ಕೆ 42 ವೈದ್ಯರು ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಯನ್ನು ಗಂಡಸಿಗೆ ಮಾತ್ರ ಹೇಳಿದರು. ಹೆಂಗಸಿಗೆ ಮಾತ್ರ ಹೇಳಿದವರು ನೂರಕ್ಕೆ 8 ಮಂದಿ. ಇದು 2008ರಲ್ಲಿ ಪ್ರಕಟವಾಯಿತು. ಮನೆಯ ಹೆಂಗಸನ್ನಾಗಲಿ ಆಳಿನ ಹೆಂಗಸನ್ನಾಗಲಿ ವೈದ್ಯರ ಬಳಿಗೆ ಕರೆದೊಯ್ಯುವವರು, ಅವಳಿಗೆ ಎಷ್ಟು ದೂರ ನಡೆಯಲಾಗುವುದು, ರಾತ್ರಿ ನಿದ್ರೆ ಬರುವುದೇ, ಯಾವ ಕೆಲಸ ನಿಂತಿದೆ ಎಂಬುದನ್ನು ಅವಳ ಬಾಯಿಂದಲೇ ಹೇಳಿಸಬೇಕು. ಮಂಡಿಯು ಒಮ್ಮೆಗೇ ಕೆಂಪೇರಿ ಬಿಸಿಯಾಗಿ ಜ್ವರವೂ ಬಂದರೆ ಅದು ಈ ಸವೆತವಲ್ಲ. ಕೀಲಿನಲ್ಲಿ ಕೀವಾಗಿರಬಹುದಾದ್ದರಿಂದ ಅಂದೇ ಆಸ್ಪತ್ರೆಗೆ ಸೇರಿಸತಕ್ಕದ್ದು.