ಕಾಡಿನ ಉತ್ಪನ್ನ, ಪೋಡಿನ ತೀರ್ಮಾನ

ಮರ ಕಡಿಯದೆ, ಕಾಡು ಆಯಾ ಋತುವಿನಲ್ಲಿ ಕೊಡುವ ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳ, ಕಲ್ಲುಪಾಚಿಗಳಂಥ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸಿ, ಸಂಸ್ಕರಿಸಿ, ಮಾರಿ ಬದುಕುವ ವ್ಯವಸ್ಥೆಗೆ ನೀತಿ ರೂಪಿಸುವವರು ಈಗ ಅರಣ್ಯ ಜೈವಿಕ ಆರ್ಥಿಕತೆ ಎಂದು ಹೆಸರಿಟ್ಟಿದ್ದಾರೆ. ಇದಕ್ಕೆ ನೆರವಾಗುವ ಯೋಜನೆಯನ್ನು ಕಚೇರಿಯಲ್ಲಿ ಸಿದ್ಧಪಡಿಸಿ ಗಿರಿಜನರ ಹಾಡಿಗೆ ಒಯ್ದು ಸಹಿ ಪಡೆಯುವ ಬದಲು, ಏನನ್ನು, ಎಷ್ಟು, ಯಾವಾಗ ಕೊಯ್ಯಬೇಕು, ಬೆಲೆಯನ್ನು ಯಾರು ಕಟ್ಟಬೇಕು, ಬಂದ ಹಣ ಹೇಗೆ ಹಂಚಿಕೆಯಾಗಬೇಕು ಎಂಬುದನ್ನೆಲ್ಲ ಮೊದಲ ಹಂತದಿಂದಲೇ ಸಂಗ್ರಾಹಕರು ಕೂತು ತೀರ್ಮಾನಿಸುವ ಕ್ರಮವೇ ಸಹಭಾಗಿ ಯೋಜನಾ ರಚನೆ. ಅದು ಎಲ್ಲಿ ಕೈಗೂಡುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಅನುಭವದಲ್ಲಿ ಸ್ಪಷ್ಟವಾಗಿ ಕಾಣಬಹುದು.

ಇಲ್ಲಿನ ಸೋಲಿಗರು ಪೋಡುಗಳಲ್ಲಿ, ಅಂದರೆ ಕಾಡಿನೊಳಗಿನ ಸಣ್ಣ ವಸತಿಗಳಲ್ಲಿ ನೆಲೆಸಿ, ಜಾಗ ಬದಲಿಸುತ್ತ ರಾಗಿ ಬೆಳೆದು, ಕಾಡಿನ ಉತ್ಪನ್ನ ಸಂಗ್ರಹಿಸಿ ಬದುಕಿದವರು. 1974ರಲ್ಲಿ ವನ್ಯಜೀವಿಧಾಮದ ಘೋಷಣೆಯಾದ ಮೇಲೆ ಆ ಬೇಸಾಯ ನಿಂತು, ಅನೇಕ ಪೋಡುಗಳು ಎತ್ತಂಗಡಿಯಾಗಿ, ಸಂಗ್ರಹವೇ ನಗದು ಆದಾಯದ ಮುಖ್ಯ ದಾರಿಯಾಯಿತು. ಲ್ಯಾಂಪ್ಸ್ ಎಂಬ ಗಿರಿಜನ ಸಹಕಾರ ಸಂಘಗಳು ಉತ್ಪನ್ನ ಕೊಂಡು ವರ್ತಕರಿಗೆ ಮಾರುತ್ತಿದ್ದವು. 1990ರ ದಶಕದ ಮಧ್ಯದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ ಸಂಶೋಧಕರೂ ಸೇರಿ, ಆದಾಯ ಹೆಚ್ಚಿದರೆ ಕಾಡು ಕಾಯುವ ಆಸಕ್ತಿಯೂ ಹೆಚ್ಚುತ್ತದೆಂಬ ನಂಬಿಕೆಯಿಂದ ಜೇನು ಮತ್ತು ನೆಲ್ಲಿಯನ್ನು ಸ್ಥಳದಲ್ಲೇ ಸಂಸ್ಕರಿಸುವ ಏರ್ಪಾಡು ಮಾಡಿದರು.

ಆ ಕಾರ್ಯಕ್ರಮದಲ್ಲಿ ಇಂದಿಗೂ ಬೆಲೆಯುಳ್ಳ ಭಾಗವೆಂದರೆ ಸಹಭಾಗಿ ಸಂಪನ್ಮೂಲ ನಿಗಾ. ಕೊಯ್ಲಿಗೆ ಮುಂಚೆ ಸಂಗ್ರಾಹಕರೂ ಸಂಶೋಧಕರೂ ಸೇರಿ ಯಾವ ಭಾಗದ ನೆಲ್ಲಿ ಎಷ್ಟು ಕಾಯಿ ಹಿಡಿದಿದೆಯೆಂದು ಅಂದಾಜು ಮಾಡಿ, ಕೊಯ್ಲಾದ ಮೇಲೆ ಮತ್ತೆ ಸಭೆ ಸೇರಿ ಎಷ್ಟು ಕೊಯ್ದದ್ದಾಯಿತು, ರೆಂಬೆಗಳನ್ನು ಕಡಿಯಲಾಯಿತೇ, ಪ್ರಾಣಿಗಳಿಗೂ ಹೊಸ ಸಸಿಗಳಿಗೂ ಎಂದು ಮರದಲ್ಲೇ ಎಷ್ಟು ಬಿಟ್ಟದ್ದಾಯಿತು ಎಂದು ಪರಿಶೀಲಿಸುತ್ತಿದ್ದರು.

ನೆಲ್ಲಿ ಮರಗಳು ಸೊರಗುವುದಕ್ಕೆ ಅತಿಯಾದ ಕೊಯ್ಲೇ ಕಾರಣವೆಂದು ಹೊರಗಿನವರು ಶಂಕಿಸುವುದು ಸಹಜವಾದರೂ, ಸೋಲಿಗರು ಬೊಟ್ಟು ಮಾಡಿದ್ದು ಉಪ್ಪಿಲಿನತ್ತ. ಉಪ್ಪಿಲು ಬಂದಣಿಕೆಯ ಜಾತಿಯ ಗಿಡ. ತಾನೂ ಹಸಿರೆಲೆ ಬಿಡುವುದಾದರೂ ಆಸರೆ ಮರದ ರೆಂಬೆಗೆ ಬೇರೂರಿ ಅದರ ನೀರನ್ನೂ ಸಾರವನ್ನೂ ಹೀರುತ್ತದೆ, ಉಪ್ಪಿಲಿನ ಅಂಟುಬೀಜವನ್ನು ಹಕ್ಕಿಗಳು ಮರದಿಂದ ಮರಕ್ಕೆ ಹರಡುತ್ತವೆ. ಹಿರಿಯರು ಹಚ್ಚುತ್ತಿದ್ದ ತರಗು ಬೆಂಕಿ, ಅಂದರೆ ನೆಲದ ಮೇಲಿನ ಒಣ ಎಲೆ, ಹುಲ್ಲನ್ನಷ್ಟೇ ಸುಟ್ಟು ಸಾಗುವ ಸಣ್ಣ ಬೆಂಕಿ, ಉಪ್ಪಿಲನ್ನೂ ಲಂಟಾನ ಪೊದೆಗಳನ್ನೂ ಹತೋಟಿಯಲ್ಲಿಡುತ್ತಿತ್ತು, ಅದನ್ನು ನಿಷೇಧಿಸಿದ ಮೇಲೆ ಎರಡೂ ಮಿತಿಮೀರಿದವು ಎಂಬುದು ಅವರ ವಿವರಣೆ. ಉಪ್ಪಿಲು ನೆಲ್ಲಿಗೆ ದೊಡ್ಡ ಕಂಟಕವೆಂಬುದನ್ನು ಸಂಶೋಧಕರೂ ಗುರುತಿಸಿದರು. ಆದರೆ ಬೆಂಕಿಯ ವಿಷಯದಲ್ಲಿ ತೀರ್ಮಾನಿಸುವ ಅಧಿಕಾರ ಸೋಲಿಗರಿಗಾಗಲಿ, ಸಂಶೋಧಕರಿಗಾಗಲಿ ಇರಲಿಲ್ಲ. ಜನರ ತಿಳಿವಳಿಕೆಯನ್ನು ದಾಖಲಿಸಿಕೊಂಡು, ಅದರಂತೆ ನಡೆಯುವ ಅವಕಾಶವನ್ನು ಮಾತ್ರ ಕೊಡದ ಯೋಜನೆಯನ್ನು ಸಹಭಾಗಿ ಎಂದು ಕರೆಯುವುದು ನ್ಯಾಯವಲ್ಲ.

ಅಧಿಕಾರದ ಈ ಕೊರತೆ ಬೇಗನೆ ಬಯಲಾಯಿತು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಬಂದ ತಿದ್ದುಪಡಿ ಅಭಯಾರಣ್ಯದ ಉತ್ಪನ್ನವನ್ನು ವಾಣಿಜ್ಯಕ್ಕೆ ಬಳಸದಂತೆ ತಡೆದದ್ದರಿಂದ, ಕೆಲವೇ ವರ್ಷಗಳಲ್ಲಿ ಬೆಟ್ಟದಲ್ಲಿ ಮಾರಾಟಕ್ಕಾಗಿ ಸಂಗ್ರಹಿಸುವುದು ನಿಂತು, ನಿಗಾ ಸಭೆಗಳಿಗೂ ಸಂಸ್ಕರಣೆಗೂ ಆಧಾರವೇ ಇಲ್ಲವಾಯಿತು. ಕಿರು ಅರಣ್ಯ ಉತ್ಪನ್ನದ ಒಡೆತನವನ್ನೂ ಅರಣ್ಯವನ್ನು ಕಾಪಾಡಿ ನಿರ್ವಹಿಸುವ ಹಕ್ಕನ್ನೂ ಮಾನ್ಯ ಮಾಡಿದ್ದು 2006ರ ಅರಣ್ಯ ಹಕ್ಕು ಕಾಯಿದೆ. ಅದರಡಿ 2011ರಲ್ಲಿ, ಅಂದರೆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ವರ್ಷದಲ್ಲೇ, ಸೋಲಿಗರ 25 ಗ್ರಾಮಸಭೆಗಳು ಸಮುದಾಯ ಹಕ್ಕು ಪಡೆದವು. ಇಲ್ಲಿ ಗ್ರಾಮಸಭೆಯೆಂದರೆ ಪಂಚಾಯಿತಿಯ ಚುನಾಯಿತ ಸದಸ್ಯರಲ್ಲ, ಊರಿನ ವಯಸ್ಕರೆಲ್ಲರೂ ಕೂಡಿದ ಸಭೆ.

ಹಕ್ಕು ದೊರೆತ ಮೇಲೂ ಯೋಜನೆಗಳು ಸಿದ್ಧ ಅಚ್ಚಿನಲ್ಲಿಯೇ ಬರುತ್ತಿವೆ. ದೇಶದಾದ್ಯಂತ 2018ರಲ್ಲಿ ಆರಂಭವಾದ ವನ ಧನ ಯೋಜನೆಯಲ್ಲಿ ಸುಮಾರು 20 ಜನರ 15 ಸ್ವಸಹಾಯ ಗುಂಪುಗಳು, ಒಟ್ಟು ಸುಮಾರು 300 ಸಂಗ್ರಾಹಕರು ಸೇರಿ ಒಂದು ಕೇಂದ್ರವಾಗುವುದು ಮಾದರಿ. ಸಂಗ್ರಾಹಕರ ಕೈಗೆ ಹೆಚ್ಚು ಬೆಲೆ ಸಿಗಬೇಕೆಂಬ ಅದರ ಉದ್ದೇಶ ಒಳ್ಳೆಯದೇ. ಆದರೆ ದೂರ ದೂರ ಚದುರಿರುವ ಪೋಡುಗಳಿಗೆ ಆ ಸಂಖ್ಯೆ ಒಗ್ಗುವುದೇ, ಹೂವು ಬಿಡುವುದನ್ನು ಅನುಸರಿಸಿ ವಲಸೆ ಹೋಗುವ ಹೆಜ್ಜೇನು ಕಡಿಮೆ ಕಟ್ಟಿದ ವರ್ಷ ಸಂಸ್ಕರಣಾ ಘಟಕದ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳಿಗೆ ಯಂತ್ರ ಕೊಳ್ಳುವ ಮೊದಲೇ ಗ್ರಾಮಸಭೆಯಲ್ಲಿ ಉತ್ತರ ಸಿಗಬೇಕು. ಸಭೆ ಕರೆಯುವ ಹೊತ್ತು ಕೂಡ ಯೋಜನೆಯ ಭಾಗವೇ: ಅರಣ್ಯ ಹಕ್ಕು ಕಾಯಿದೆಯ ನಿಯಮಗಳು ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರೂ, ಹಾಜರಿದ್ದವರಲ್ಲಿ ಮೂರನೇ ಒಂದರಷ್ಟು ಮಹಿಳೆಯರೂ ಇರಬೇಕೆನ್ನುತ್ತವೆ. ಕೊಯ್ಲಿನ ದಿನಗಳಲ್ಲಿ ನಡುಹಗಲಿಗೆ ಕರೆದ ಸಭೆಗೆ ಬರುವವರು ಕಾಡಿಗೆ ಹೋಗದವರು ಮಾತ್ರ.