ಕಾರಿನೊಳಗಿನ ದಾಖಲೆ: ಯಾವುದು ಎಲ್ಲಿದೆ, ಯಾರ ಕೈಗೆ ಸಿಗುತ್ತದೆ

ಉಡುಪಿ ಸಮೀಪ ಉದ್ಯಾವರದ ಬಲೈಪಾದೆಯಲ್ಲೋ ಕಟಪಾಡಿಯಲ್ಲೋ ಹೆದ್ದಾರಿಯಲ್ಲಿ ಎರಡು ಕಾರು ತಾಗಿಕೊಂಡರೆ ಜನ ಸೇರಲು ಹೊತ್ತು ಬೇಕಿಲ್ಲ. ಸೇರಿದವರಲ್ಲಿ ಒಬ್ಬರಾದರೂ ಹೇಳುತ್ತಾರೆ: "ಈಗಿನ ಗಾಡಿಯಲ್ಲಿ ಎಲ್ಲ ರೆಕಾರ್ಡ್ ಆಗ್ತದೆ ಮಾರಾಯ್ರೆ, ಸ್ಕ್ಯಾನರ್ ಹಾಕಿದ್ರೆ ಎಷ್ಟು ಸ್ಪೀಡಲ್ಲಿ ಬಂದದ್ದು ಅಂತ ಗೊತ್ತಾಗ್ತದೆ." ಇದು ಅರ್ಧ ನಿಜ. ಕೆಲವು ಕಾರುಗಳಲ್ಲಿ ರೆಕಾರ್ಡ್ ಆಗುವುದು ಹೌದು. ಆದರೆ ಗ್ಯಾರೇಜಿನ ಸಾಧಾರಣ ಸ್ಕ್ಯಾನರಿಗೆ ಆ ಸ್ಪೀಡು ಸಿಗುವುದಿಲ್ಲ. ಅದು ಬೇರೆ ಡಬ್ಬಿಯಲ್ಲಿದೆ, ಅದನ್ನು ಓದುವ ಯಂತ್ರವೂ ಬೇರೆ.

ಏಕೆಂದರೆ ಈಗಿನ ಸಣ್ಣ ಹ್ಯಾಚ್‌ಬ್ಯಾಕಿನಲ್ಲೂ ಕಂಪ್ಯೂಟರ್ ಒಂದೇ ಇರುವುದಿಲ್ಲ. ಎಂಜಿನ್ನಿಗೊಂದು, ಎಬಿಎಸ್ ಬ್ರೇಕಿಗೊಂದು, ಏರ್‌ಬ್ಯಾಗಿಗೊಂದು, ಮೀಟರ್ ಬೋರ್ಡಿನೊಳಗೊಂದು, ಹಾಡು–ಮ್ಯಾಪು ತೋರಿಸುವ ಪರದೆಗೊಂದು. ಗ್ಯಾರೇಜಿನವರು ಇವನ್ನು ಇಸಿಯು ಎನ್ನುತ್ತಾರೆ. ಹುರಿಯಂತೆ ಹೆಣೆದ ಎರಡು ತಂತಿಗಳ ಮೇಲೆ ಇವು ಒಂದಕ್ಕೊಂದು ಸಂದೇಶ ಕಳಿಸಿಕೊಳ್ಳುತ್ತವೆ. ಕ್ಯಾನ್ ಬಸ್ ಎಂಬ ಈ ವ್ಯವಸ್ಥೆಯನ್ನು ಬಾಷ್ ಕಂಪನಿ 1986ರಲ್ಲಿ ಲೋಕಕ್ಕೆ ತೋರಿಸಿತು; 1991ರ ಮರ್ಸಿಡಿಸ್ ಎಸ್ ಕ್ಲಾಸಿನಲ್ಲಿ ಅದು ರಸ್ತೆಗಿಳಿಯಿತು. ಬೆಂಗಳೂರಿನ ಹಳಬರು ಇಂದಿಗೂ ಮೈಕೋ ಎಂದೇ ಕರೆಯುವ ಕಾರ್ಖಾನೆಯ ಮೂಲ ಕಂಪನಿ ಈ ಬಾಷ್. ಸಂದೇಶಗಳು ಸೆಕೆಂಡಿಗೆ ನೂರಾರು ಹರಿದುಹೋಗುತ್ತವೆ, ಆದರೆ ಅವನ್ನೆಲ್ಲ ಕೂಡಿಡುವವರು ಯಾರೂ ಇಲ್ಲ. ಪ್ರತಿ ಇಸಿಯು ತನ್ನ ಕೆಲಸಕ್ಕೆ ಬೇಕಾದ ಚೂರುಪಾರನ್ನಷ್ಟೇ ಇಟ್ಟುಕೊಳ್ಳುತ್ತದೆ. ಹಾಗಾಗಿ "ಕಾರಿನ ಡೇಟಾ ತೆಗೆಯುವುದು ಹೇಗೆ" ಎಂದು ಕೇಳುವ ಮೊದಲು ಯಾವ ಡೇಟಾ ಎಂಬುದು ಇತ್ಯರ್ಥವಾಗಬೇಕು.

ಸ್ಟೇರಿಂಗ್ ಕೆಳಗಿನ ಸಾಕೆಟ್

ಡ್ರೈವರ್ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡಿನ ಅಡಿಗೆ, ಮೊಣಕಾಲಿನ ನೇರಕ್ಕೆ ಕೈಹಾಕಿದರೆ ಒಂದು ಸಾಕೆಟ್ ಸಿಗುತ್ತದೆ. ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು, ಎರಡು ಸಾಲಿನಲ್ಲಿ ಎಂಟೆಂಟು ಪಿನ್. ಇದೇ ಒಬಿಡಿ ಪೋರ್ಟ್. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್–4 ಹೊಗೆ ನಿಯಮದ ಜತೆಗೆ 2010ರಲ್ಲಿ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೇ ಹಂತ ಬಂತು. ಅದಕ್ಕಿಂತ ಹಳೆಯ ಗಾಡಿಗಳಲ್ಲಿ ಸಾಕೆಟ್ ಇದ್ದರೂ ಎಲ್ಲ ಸ್ಕ್ಯಾನರಿಗೂ ಉತ್ತರ ಬರುತ್ತದೆ ಎಂಬ ಖಾತ್ರಿಯಿಲ್ಲ. ನೆನಪಿಡಬೇಕಾದ ಸಂಗತಿಯೆಂದರೆ, ಇದು ಹುಟ್ಟಿದ್ದು ಹೊಗೆ ನಿಯಂತ್ರಣಕ್ಕಾಗಿ. ಗಾಡಿ ಎಲ್ಲಿಗೆ ಹೋಯಿತು, ಯಾರು ಓಡಿಸಿದರು ಎಂಬುದರ ಗೊಡವೆ ಇದಕ್ಕಿಲ್ಲ.

ಈ ಸಾಕೆಟ್ಟಿಗೆ ಚುಚ್ಚುವ ಬೆಂಕಿಪೊಟ್ಟಣದಷ್ಟಿರುವ ಬ್ಲೂಟೂತ್ ಅಡಾಪ್ಟರುಗಳು ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೇ ಸಿಗುತ್ತವೆ. ಪೆಟ್ಟಿಗೆಯ ಮೇಲೆ ಇಎಲ್‌ಎಂ327 ಎಂದು ಬರೆದಿರುತ್ತದೆ. ಅದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡುತ್ತಿದ್ದ ಚಿಪ್ಪಿನ ಹೆಸರು. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಮಾರುಕಟ್ಟೆಯಲ್ಲಿರುವ ಅಗ್ಗದವು ಬಹುಪಾಲು ನಕಲು. ನಕಲಾದರೂ ಮೂಲಭೂತ ಕೆಲಸ ಮಾಡುತ್ತವೆ. ಐಫೋನ್ ಇದ್ದವರು ಮಾತ್ರ ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರುವುದನ್ನೇ ಕೇಳಿ ತೆಗೆದುಕೊಳ್ಳಬೇಕು, ಹಳೆಯ ಬ್ಲೂಟೂತಿನದು ಅದರಲ್ಲಿ ನಡೆಯುವುದಿಲ್ಲ. ಎಂಜಿನ್ ಆಫ್ ಇದ್ದಾಗ ಅಡಾಪ್ಟರ್ ಚುಚ್ಚಿ, ಕೀ ಆನ್ ಮಾಡಿ, ಫೋನಿನ ಬ್ಲೂಟೂತಿನಲ್ಲಿ ಜೋಡಿಸಿ (ಪಿನ್ ಕೇಳಿದರೆ ಸಾಮಾನ್ಯವಾಗಿ 1234 ಅಥವಾ 0000), ಟಾರ್ಕ್ ಅಥವಾ ಕಾರ್ ಸ್ಕ್ಯಾನರ್‌ನಂಥ ಆ್ಯಪ್ ತೆರೆದರಾಯಿತು.

ಒಳಗೆ ನಡೆಯುವುದು ಪ್ರಶ್ನೋತ್ತರ. ಆ್ಯಪ್ "01 0ಸಿ" ಎಂದು ಕೇಳುತ್ತದೆ, ಅಂದರೆ ಈಗಿನ ಎಂಜಿನ್ ವೇಗ ಎಷ್ಟು. ಎಂಜಿನ್ ಇಸಿಯು "41 0ಸಿ 1ಎ ಎಫ್8" ಎಂದು ಉತ್ತರಿಸುತ್ತದೆ. ಕೊನೆಯ ಎರಡೇ ಉತ್ತರದ ಅಂಕಿಗಳು, ಹದಿನಾರರ ಲೆಕ್ಕದಲ್ಲಿ ಬರೆದವು: 1ಎ ಎಂದರೆ 26, ಎಫ್8 ಎಂದರೆ 248. 26ನ್ನು 256ರಿಂದ ಗುಣಿಸಿ 248 ಕೂಡಿಸಿದರೆ 6,904. ನಾಲ್ಕರಿಂದ ಭಾಗಿಸಿದರೆ 1,726 ಆರ್‌ಪಿಎಂ. ವೇಗದ ಲೆಕ್ಕ ಇನ್ನೂ ಸುಲಭ: 3ಸಿ ಎಂದು ಬಂದರೆ ಗಂಟೆಗೆ 60 ಕಿ.ಮೀ. ಕೂಲಂಟಿನ ಬಿಸಿ ತಿಳಿಯಲು ಬಂದ ಅಂಕಿಯಿಂದ 40 ಕಳೆಯಬೇಕು. ಆ್ಯಪ್ ಈ ಉತ್ತರಗಳನ್ನು ಸಾಲಾಗಿ ಫೋನಿನ ಫೈಲಿಗೆ ಬರೆದುಕೊಳ್ಳುತ್ತ ಹೋಗಬಹುದು. ಉದ್ಯಾವರದಿಂದ ಕಾರ್ಕಳಕ್ಕೆ ಹೋಗಿಬಂದ ಇಡೀ ಪ್ರಯಾಣ ಸಂಜೆ ಎಕ್ಸೆಲ್ಲಿನಲ್ಲಿ ನೋಡಲು ಸಿಗುತ್ತದೆ. ಆದರೆ ಆ ದಾಖಲೆ ಮಾಡಿದ್ದು ಫೋನು, ಕಾರಲ್ಲ. ನಿನ್ನೆ ಅಡಾಪ್ಟರ್ ಇರಲಿಲ್ಲವಾದರೆ ನಿನ್ನೆಯ ಪ್ರಯಾಣ ಇವತ್ತು ಸಿಗುವುದಿಲ್ಲ.

ಒಂದು ಎಚ್ಚರಿಕೆ. ಈ ಸಾಕೆಟ್ಟಿನ 16ನೇ ಪಿನ್ನಿಗೆ ಕೀ ತೆಗೆದಿದ್ದರೂ ಬ್ಯಾಟರಿಯ ಕರೆಂಟ್ ಬರುತ್ತಲೇ ಇರುತ್ತದೆ. ಅಡಾಪ್ಟರ್ ಹಾಗೇ ಬಿಟ್ಟು ಕೆಲವು ವಾರ ಮುಂಬಯಿಗೋ ದುಬೈಗೋ ಹೋಗಿಬಂದರೆ ಗಾಡಿ ಸ್ಟಾರ್ಟ್ ಆಗದಿರಬಹುದು. ಅಡಾಪ್ಟರ್ ಹಾಗೇ ಬಿಡಬಾರದೆನ್ನಲು ಇನ್ನೊಂದು ಕಾರಣವೂ ಇದೆ: 2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು ಇಂಥ ಸಾಕೆಟ್ಟಿಗೆ ಚುಚ್ಚಿದ, ಸಿಮ್ ಇರುವ ಸಾಧನದ ಮೂಲಕ ಎಸ್ಸೆಮ್ಮೆಸ್ ಕಳಿಸಿ ಒಂದು ಕಾರ್ವೆಟ್ ಕಾರಿನ ಬ್ರೇಕನ್ನೇ ನಿಯಂತ್ರಿಸಿ ತೋರಿಸಿದರು. ಕೆಲಸ ಮುಗಿದ ಮೇಲೆ ಕಿತ್ತಿಡಿ.

ಕೋಡ್ ಬಿದ್ದ ಕ್ಷಣದ ಚಿತ್ರ

ಎಂಜಿನ್ ಇಸಿಯು ತಾನಾಗಿ ಉಳಿಸಿಕೊಳ್ಳುವುದು ದೋಷವನ್ನು. ಮೀಟರಿನಲ್ಲಿ ಹಳದಿ ಎಂಜಿನ್ ಚಿತ್ರ ಹೊತ್ತಿಕೊಂಡಾಗ ಒಳಗೆ ಐದು ಅಕ್ಷರಾಂಕಗಳ ಕೋಡ್ ಬಿದ್ದಿರುತ್ತದೆ. ಪಿ–0301 ಎಂದರೆ ಮೊದಲನೇ ಸಿಲಿಂಡರ್ ಮಿಸ್‌ಫೈರ್. ಪಿ–0420 ಕ್ಯಾಟಲಿಟಿಕ್ ಕನ್ವರ್ಟರ್ ಕುರಿತದ್ದು. ಯು ಎಂದು ಶುರುವಾದರೆ ಇಸಿಯುಗಳ ನಡುವೆ ಮಾತುಕತೆ ತಪ್ಪಿದೆ ಎಂದರ್ಥ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇಲಿ ಕಡಿದ ವೈರು, ಕಿಲುಬು ಹಿಡಿದ ಕನೆಕ್ಟರು, ಡೌನಾದ ಬ್ಯಾಟರಿ ಮೂರೂ ಈ ಯು ಕೋಡುಗಳ ಸಾಲನ್ನೇ ಹುಟ್ಟಿಸುತ್ತವೆ. ಹತ್ತು ಕೋಡ್ ಬಂದಿದೆ ಎಂದು ಹತ್ತು ಪಾರ್ಟ್ ಬದಲಿಸಲು ಒಪ್ಪಬೇಡಿ, ಮೊದಲು ಬ್ಯಾಟರಿ ವೋಲ್ಟೇಜ್ ನೋಡಿಸಿ.

ಕೋಡಿಗಿಂತ ಕುತೂಹಲದ್ದು ಅದರ ಹಿಂದಿರುವ ಫ್ರೀಜ್ ಫ್ರೇಮ್. ದೋಷ ದಾಖಲಾದ ಆ ಕ್ಷಣ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದರ ಒಂದೇ ಒಂದು ಚಿತ್ರ. ಪಿ–0301ರ ಜತೆ ಹೀಗಿದೆ ಎಂದುಕೊಳ್ಳಿ: 2,350 ಆರ್‌ಪಿಎಂ, ಗಂಟೆಗೆ 24 ಕಿ.ಮೀ., ಎಂಜಿನ್ ಲೋಡ್ ಶೇ. 91, ಕೂಲಂಟ್ 97 ಡಿಗ್ರಿ. ಇದು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತ ಏರುತ್ತಿರುವ ಗಾಡಿ. ಸೋಮೇಶ್ವರ ದಾಟಿ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎಲ್ಲೋ ಕೋಡ್ ಬಿದ್ದಿರಬೇಕು. ಭಾರ ಬಿದ್ದಾಗ ಸೋಲುವ ಪ್ಲಗ್ಗು, ಇಗ್ನಿಷನ್ ಕಾಯಿಲು ಹುಡುಕಬೇಕು. ಅದೇ ಕೋಡಿನ ಜತೆ ವೇಗ ಸೊನ್ನೆ, ಕೂಲಂಟ್ 31 ಡಿಗ್ರಿ ಎಂದಿದ್ದರೆ ಗಾಡಿ ಬೆಳಿಗ್ಗೆ ಅಂಗಳದಲ್ಲಿ ಸ್ಟಾರ್ಟ್ ಆದ ಹೊತ್ತಿನದು. ರಾತ್ರಿ ಮಳೆಯ ತೇವದ ಮೇಲೆ ಅನುಮಾನ ಹೋಗುತ್ತದೆ. ಒಳ್ಳೆ ಮೆಕ್ಯಾನಿಕ್ ಕೋಡ್ ಓದಿ ಸುಮ್ಮನಾಗುವುದಿಲ್ಲ, ಇದನ್ನೂ ನೋಡುತ್ತಾನೆ. ಕೋಡ್ ಕ್ಲಿಯರ್ ಮಾಡಿದರೆ ಈ ಚಿತ್ರವೂ ಅಳಿಸಿಹೋಗುತ್ತದೆ, ಅದಕ್ಕೇ ಕ್ಲಿಯರ್ ಒತ್ತುವ ಮೊದಲು ಪರದೆಯ ಫೋಟೊ ತೆಗೆದಿಡಬೇಕು. ಅಳಿಸದೇ ಬಿಟ್ಟರೂ ಅದು ಶಾಶ್ವತವಲ್ಲ. ದೋಷ ಮರುಕಳಿಸದಿದ್ದರೆ ಮೂರು ಸರಿಯಾದ ಓಟದ ಬಳಿಕ ದೀಪ ಆರುತ್ತದೆ, ಸುಮಾರು ನಲವತ್ತು ಸಲ ಎಂಜಿನ್ ಬಿಸಿಯಾಗಿ ತಣಿದ ಮೇಲೆ ಕೋಡೂ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ

ನನ್ನ ಲೆಕ್ಕದಲ್ಲಿ ಸಾಮಾನ್ಯ ಜನರಿಗೆ ಈ ಅಡಾಪ್ಟರಿನ ನಿಜವಾದ ಉಪಯೋಗ ಇಲ್ಲಿದೆ. ಕಿಲೋಮೀಟರ್ ಇಳಿಸುವ ದಂಧೆ ಗುಟ್ಟಿನದೇನಲ್ಲ. ಓಡಿದ ದೂರ ಮೀಟರ್ ಬೋರ್ಡಿನೊಳಗಿನ ಪುಟ್ಟ ಮೆಮೊರಿ ಚಿಪ್ಪಿನಲ್ಲಿ ಕೂತಿರುತ್ತದೆ. ಅದನ್ನು ಬದಲಿಸಿದರೆ ಮೀಟರ್ ಹೊಸ ಅಂಕಿ ತೋರಿಸುತ್ತದೆ. ಆದರೆ ಬೇರೆ ಇಸಿಯುಗಳಲ್ಲಿ ಉಳಿದ ಲೆಕ್ಕವನ್ನು ತಿದ್ದಲು ಎಷ್ಟೋ ಸಲ ಮರೆತಿರುತ್ತಾರೆ.

ಆ್ಯಪಿನಲ್ಲಿ "ಡಿಸ್ಟೆನ್ಸ್ ಸಿನ್ಸ್ ಕೋಡ್ಸ್ ಕ್ಲಿಯರ್ಡ್" ಎಂಬ ಸಾಲು ಹುಡುಕಿ. ಕಳೆದ ಬಾರಿ ಕೋಡ್ ಅಳಿಸಿದ ನಂತರ ಓಡಿದ ದೂರ ಅದು, 65,535 ಕಿ.ಮೀ.ವರೆಗೆ ಎಣಿಸಬಲ್ಲದು. ಮೀಟರ್ 42,000 ತೋರಿಸುತ್ತಿದ್ದು ಈ ಸಾಲು 61,000 ಎಂದರೆ, ಎಂಜಿನ್ ಇಸಿಯು ಬದಲಾಗಿದೆ ಎಂಬುದಕ್ಕೆ ಬಿಲ್ ತೋರಿಸದ ಹೊರತು ಮಾತು ಮುಂದುವರಿಸುವ ಅಗತ್ಯವಿಲ್ಲ. ಅಂಕಿ ತೀರಾ ಚಿಕ್ಕದು, ಉದಾಹರಣೆಗೆ 6 ಕಿ.ಮೀ. ಇದ್ದರೆ ನಿಮಗೆ ತೋರಿಸುವ ಮೊದಲು ಯಾರೋ ಕೋಡ್ ಅಳಿಸಿದ್ದಾರೆ. ಸರ್ವಿಸಿನಲ್ಲೂ ಅಳಿಸುತ್ತಾರೆ, ಆದ್ದರಿಂದ ಅದೊಂದೇ ತಪ್ಪಲ್ಲ. ಏಕೆ ಎಂದು ಕೇಳಿ. ಜತೆಗೆ "ರೆಡಿನೆಸ್ ಮಾನಿಟರ್" ನೋಡಿ. ಇಸಿಯು ಹೊಗೆ ಸಂಬಂಧಿ ಭಾಗಗಳನ್ನು ಓಡಾಟದ ನಡುವೆ ತಾನೇ ಪರೀಕ್ಷಿಸಿಕೊಳ್ಳುತ್ತದೆ. ಕೋಡ್ ಅಳಿಸಿದರೆ ಆ ಪರೀಕ್ಷೆಗಳೆಲ್ಲ "ಇನ್‌ಕಂಪ್ಲೀಟ್" ಆಗುತ್ತವೆ, ಮತ್ತೆ ಪೂರ್ತಿಯಾಗಲು ತಣ್ಣನೆ ಸ್ಟಾರ್ಟು, ಪೇಟೆ ಓಡಾಟ, ಹೆದ್ದಾರಿಯ ಸಮವೇಗ ಎಲ್ಲ ಬೇಕು. ಉಡುಪಿಯಿಂದ ಉದ್ಯಾವರಕ್ಕೆ ಬಂದಷ್ಟರಲ್ಲಿ ಅದು ಮುಗಿಯದು. ದೀಪ ಆರಿದೆ, ಆದರೆ ಮಾನಿಟರುಗಳು ಇನ್‌ಕಂಪ್ಲೀಟ್ ಎಂದಾದರೆ ಒಂದೆರಡು ವಾರ ಬಿಟ್ಟು ಮತ್ತೆ ನೋಡುತ್ತೇನೆ ಎನ್ನಿ. ಅಧಿಕೃತ ಸರ್ವಿಸ್ ಸೆಂಟರಿನ ಹಳೆಯ ಬಿಲ್ಲುಗಳಲ್ಲಿ ಬರೆದ ಕಿಲೋಮೀಟರ್ ಇದಕ್ಕೆಲ್ಲ ಒಳ್ಳೆಯ ತಾಳೆ.

ಏರ್‌ಬ್ಯಾಗ್ ಡಬ್ಬಿ

ಇನ್ನು ಆ ಹೆದ್ದಾರಿಯ ಪ್ರಶ್ನೆ: ಡಿಕ್ಕಿಯ ಹೊತ್ತಿನ ವೇಗ. ಅದು ಸಿಗುವುದಾದರೆ ಏರ್‌ಬ್ಯಾಗ್ ಇಸಿಯುವಿನಲ್ಲಿ. ಗೇರ್ ಲಿವರಿನ ಆಸುಪಾಸಿನಲ್ಲಿ, ನೆಲಕ್ಕೆ ಬಿಗಿದ ಡಬ್ಬಿ ಅದು. ಹಲವು ಕಾರುಗಳಲ್ಲಿ ಇದರೊಳಗೇ ಈವೆಂಟ್ ಡೇಟಾ ರೆಕಾರ್ಡರ್ ಇರುತ್ತದೆ. ಕೊನೆಯ ಕೆಲವು ಸೆಕೆಂಡುಗಳ ವೇಗ, ಆಕ್ಸಿಲರೇಟರ್, ಬ್ರೇಕ್, ಸೀಟ್ ಬೆಲ್ಟ್ ವಿವರವನ್ನು ಅದು ಸ್ಲೇಟಿನ ಮೇಲೆ ಬರೆದು ಒರಸಿದಂತೆ ಸತತವಾಗಿ ಬರೆಯುತ್ತ ಅಳಿಸುತ್ತ ಇರುತ್ತದೆ. ಜೋರಾದ ಹೊಡೆತ ಬಿದ್ದಾಗ ಮಾತ್ರ ಒರಸುವುದನ್ನು ನಿಲ್ಲಿಸಿ ಅಷ್ಟನ್ನು ಉಳಿಸುತ್ತದೆ. ಏರ್‌ಬ್ಯಾಗ್ ಸ್ಫೋಟಿಸಿದ್ದರೆ ಆ ದಾಖಲೆ ಲಾಕ್ ಆಗುತ್ತದೆ. ಸಣ್ಣ ತಾಗಾಟವಾದರೆ ಮುಂದಿನ ಘಟನೆ ಅದರ ಮೇಲೆ ಬರೆದುಕೊಳ್ಳಬಹುದು. ಅಮೆರಿಕದ ನಿಯಮದಲ್ಲಿ ಈ ಅವಧಿ 5 ಸೆಕೆಂಡ್ ಇತ್ತು. 2024ರ ಕೊನೆಯ ತಿದ್ದುಪಡಿ ಅದನ್ನು 20ಕ್ಕೆ ಏರಿಸಿತು. ಯುರೋಪಿನಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಕಾರಿಗೂ ಇದು ಕಡ್ಡಾಯ. ನಿಮ್ಮ ಕಾರಿನಲ್ಲಿ ಇದೆಯೇ ಎಂದು ತಿಳಿಯಲು ಓನರ್ಸ್ ಮ್ಯಾನುವಲ್‌ನಲ್ಲಿ ಆ ಹೆಸರಿನ ಪುಟ ಹುಡುಕಿ.

ನಮ್ಮ ದೇಶದಲ್ಲಿ ಈ ರೆಕಾರ್ಡರಿನ ವಿಷಯ ಜನರ ಬಾಯಿಗೆ ಬಂದದ್ದು 2022ರ ಸೆಪ್ಟೆಂಬರ್ 4ರಂದು ಪಾಲ್ಘರ್‌ನ ಸೂರ್ಯಾ ನದಿಯ ಸೇತುವೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡಾಗ. ಪೊಲೀಸರ ಕೋರಿಕೆಯ ಮೇರೆಗೆ ಮರ್ಸಿಡಿಸ್ ಕಂಪನಿಯೇ ಕಾರಿನ ಡೇಟಾ ತೆಗೆದು ಮಧ್ಯಂತರ ವರದಿ ಕೊಟ್ಟಿತು: ಡಿಕ್ಕಿಗೆ 5 ಸೆಕೆಂಡ್ ಮೊದಲು ಬ್ರೇಕ್ ಒತ್ತಲಾಗಿತ್ತು, ಆಗ ವೇಗ ಗಂಟೆಗೆ 100 ಕಿ.ಮೀ., ಸೇತುವೆಗೆ ಬಡಿದಾಗ 89. ಗಮನಿಸಿ, ಓದಿದವರು ತಯಾರಕರು. ಬಾಷ್‌ನ ಸಿಡಿಆರ್‌ನಂಥ ವಿಶೇಷ ಉಪಕರಣ, ತಯಾರಕರ ಸಾಫ್ಟ್‌ವೇರ್, ತರಬೇತಿ ಇಲ್ಲದೆ ಆ ಅಂಕಿಗಳು ಹೊರಬರುವುದಿಲ್ಲ. ನಮ್ಮ ನಿಮ್ಮ ಅಡಾಪ್ಟರ್ ಏರ್‌ಬ್ಯಾಗ್ ಇಸಿಯುವಿನ ಬಾಗಿಲಲ್ಲೇ ನಿಲ್ಲುತ್ತದೆ.

ಆದ್ದರಿಂದ ದೊಡ್ಡ ಅಪಘಾತವಾಗಿ ತಕರಾರು ಬರುವ ಲಕ್ಷಣವಿದ್ದರೆ ಮಾಡಬೇಕಾದ್ದು ಡೇಟಾ ತೆಗೆಯುವ ಸಾಹಸವಲ್ಲ, ಡೇಟಾ ಹೋಗದಂತೆ ನೋಡಿಕೊಳ್ಳುವುದು. ರಿಪೇರಿಗೆ ಬಿಟ್ಟಾಗ ಖರ್ಚು ಉಳಿಸಲು ಏರ್‌ಬ್ಯಾಗ್ ಇಸಿಯುವನ್ನು "ರೀಸೆಟ್" ಮಾಡಿಸುವ ಪದ್ಧತಿಯಿದೆ. ಡಿಕ್ಕಿಯ ದಾಖಲೆ ಅಳಿಯುವುದು ಅಲ್ಲೇ. ಬದಲಿಸುವುದಾದರೂ ಹಳೆಯ ಡಬ್ಬಿಯನ್ನು ಕೇಳಿ ಪಡೆದಿಟ್ಟುಕೊಳ್ಳಿ. ಗ್ಯಾರೇಜಿಗೂ ವಿಮೆಯವರಿಗೂ ಬರವಣಿಗೆಯಲ್ಲಿ ತಿಳಿಸಿ. ಕೋರ್ಟಿಗೆ ಹೋಗುವ ಪ್ರಸಂಗ ಬಂದರೆ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಅದನ್ನು ಹೇಳುತ್ತದೆ. ಮೊಬೈಲಿನ ಸ್ಕ್ರೀನ್‌ಶಾಟ್ ತೋರಿಸಿ ಮುಗಿಯುವ ಕೆಲಸವಲ್ಲ.

ಈ ಡೇಟಾ ಯಾರದು? ಅಮೆರಿಕದಲ್ಲಿ 2015ರ ಕಾಯ್ದೆ ರೆಕಾರ್ಡರಿನ ಡೇಟಾ ಕಾರಿನ ಮಾಲೀಕನದು ಎಂದು ನೇರವಾಗಿ ಹೇಳಿದೆ. ನಮ್ಮಲ್ಲಿ ಕಾರಿಗೆಂದೇ ಅಂಥ ಕಾಯ್ದೆಯಿಲ್ಲ. ಆಸರೆಗಿರುವುದು ಖಾಸಗಿತನವನ್ನು ಮೂಲಭೂತ ಹಕ್ಕೆಂದ 2017ರ ಸುಪ್ರೀಂ ಕೋರ್ಟ್ ತೀರ್ಪು (ಅರ್ಜಿ ಹಾಕಿದ್ದ ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದವರು) ಮತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಜಾರಿ ಹಂತ ಹಂತವಾಗಿ. ಈ ಕಾಯ್ದೆ ಹೆಚ್ಚು ಉಪಯೋಗಕ್ಕೆ ಬರುವುದು ಒಳಗೆ ಸಿಮ್ ಇರುವ "ಕನೆಕ್ಟೆಡ್" ಕಾರುಗಳಿಗೆ. 2019ರಿಂದೀಚೆಗೆ ಇಲ್ಲಿ ಸಾಮಾನ್ಯವಾದ ಈ ಕಾರುಗಳು ಎಲ್ಲಿ ನಿಂತಿವೆ, ಎಷ್ಟು ಓಡಿದವು, ಎಲ್ಲಿ ಗಕ್ಕನೆ ಬ್ರೇಕ್ ಹಾಕಿದಿರಿ ಎಂಬ ವಿವರವನ್ನು ಕಂಪನಿಯ ಸರ್ವರಿಗೆ ಕಳಿಸಬಲ್ಲವು. ಅದನ್ನು ನೋಡಲು ಅಡಾಪ್ಟರ್ ಬೇಡ, ಕಂಪನಿಯ ಆ್ಯಪ್ ಸಾಕು. ಓಡಿಸಿದಷ್ಟಕ್ಕೆ, ಓಡಿಸಿದ ರೀತಿಗೆ ಪ್ರೀಮಿಯಂ ಎಂಬ ವಿಮೆಗೂ 2022ರ ಜುಲೈನಲ್ಲಿ ಅನುಮತಿ ಸಿಕ್ಕಿದೆ. ಒಪ್ಪಿಗೆ ಕೊಡುವ ಮೊದಲು ಯಾವ ವಿವರ ಹೋಗುತ್ತದೆ ಎಂದು ಓದುವುದು ಒಳ್ಳೆಯದು.

ಕಾರು ಮಾರುವಾಗ ಹೆಚ್ಚಿನವರು ಮರೆಯುವುದು ಪರದೆಯನ್ನು. ಅದರಲ್ಲಿ ನಿಮ್ಮ ಫೋನಿನ ಹೆಸರು–ನಂಬರುಗಳ ಪಟ್ಟಿ, ಮಾಡಿದ ಕರೆಗಳು, ಮ್ಯಾಪಿಗೆ ಹಾಕಿದ ಮನೆ ವಿಳಾಸ ಉಳಿದಿರುತ್ತವೆ. ಮಣಿಪಾಲದ ಆರ್‌ಟಿಒಗೆ ಕೊಡುವ 29, 30ನೇ ಫಾರಂಗಳಿಗೆ ಸಹಿ ಹಾಕುವ ದಿನವೇ ಸೆಟ್ಟಿಂಗ್ಸಿಗೆ ಹೋಗಿ ಫ್ಯಾಕ್ಟರಿ ರೀಸೆಟ್ ಒತ್ತಿ, ಕಂಪನಿಯ ಆ್ಯಪಿನಿಂದ ಆ ಗಾಡಿಯನ್ನು ತೆಗೆದುಹಾಕಿ. ತೆಗೆಯದಿದ್ದರೆ ಮಾರಿದ ಕಾರು ಯಾವ ಊರಿನಲ್ಲಿ ನಿಂತಿದೆ ಎಂಬುದು ನಿಮ್ಮ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ. ಕೊಳ್ಳುವವರೂ ಅಷ್ಟೇ: ಹಿಂದಿನ ಮಾಲೀಕರ ಖಾತೆಯಿಂದ ಗಾಡಿ ಬಿಡಿಸಿಕೊಳ್ಳದೆ ಪೂರ್ತಿ ಹಣ ಕೊಡಬೇಡಿ.