ಮುಂಡಗೋಡಿನ ವಾದದ ಅಂಗಳಕ್ಕೆ ಬಂದ ಬ್ಯಾಕ್ಟೀರಿಯಾ

ಬ್ಯಾಕ್ಟೀರಿಯಾಕ್ಕೆ ಮನಸ್ಸಿದೆಯೇ? ನಮ್ಮ ಕಾಲೇಜುಗಳ ಜೀವಶಾಸ್ತ್ರದ ತರಗತಿಯಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಟಿಬೆಟನ್ ಭಿಕ್ಷುಗಳಿಗೆ ಪಾಠ ಹೇಳಲು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಿಂದ ಬಂದ ಜೀವವಿಜ್ಞಾನಿ ಆರಿ ಐಸನ್ ಅವರಿಗೆ ಮಾತ್ರ ಇದು ಎದುರಾಯಿತು. ಸೂಕ್ಷ್ಮದರ್ಶಕದಲ್ಲಿ ಕಾಣುವ ಆ ಜೀವಿ ಆಹಾರವಿದ್ದ ಕಡೆ ಹೋಗುತ್ತದೆ, ವಿಷವಿದ್ದ ಕಡೆಯಿಂದ ಸರಿಯುತ್ತದೆ. ಸುಖವನ್ನು ಬಯಸುವುದು, ದುಃಖದಿಂದ ತಪ್ಪಿಸಿಕೊಳ್ಳುವುದು ಚೇತನವುಳ್ಳ ಜೀವಿಯ ಲಕ್ಷಣವೆಂದು ಭಿಕ್ಷುಗಳು ಬಾಲ್ಯದಿಂದ ಓದಿಕೊಂಡು ಬಂದಿದ್ದಾರೆ. ಹಾಗಾದರೆ ಆಂಟಿಬಯೋಟಿಕ್ ಮಾತ್ರೆ ನುಂಗುವುದು ಹಿಂಸೆಯೇ?

ಇಂಥ ಪ್ರಶ್ನೆಗಳು ಹುಟ್ಟುತ್ತಿರುವುದು ನಮ್ಮ ನೆಲದಲ್ಲೇ. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ ಡ್ರೆಪುಂಗ್ ಮತ್ತು ಗಾಂದೆನ್ ಮಹಾವಿಹಾರಗಳಿವೆ, ಬೈಲಕುಪ್ಪೆಯಲ್ಲಿ ಸೆರಾ ಇದೆ. ಮೂರೂ ಲಾಸಾದ ಸುತ್ತಮುತ್ತ ಶತಮಾನಗಳ ಕಾಲ ಬಾಳಿದ ವಿದ್ಯಾಪೀಠಗಳು. 1959ರಲ್ಲಿ ಟಿಬೆಟ್ ಬಿಟ್ಟು ಬಂದ ಭಿಕ್ಷುಗಳಲ್ಲಿ ಬಹಳಷ್ಟು ಮಂದಿ ಮೊದಲು ನೆಲೆಸಿದ್ದು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಬಂದೀಖಾನೆಯಲ್ಲಿ. ಕ್ಷಯ ಅನೇಕರನ್ನು ಅಲ್ಲಿ ಬಲಿ ತೆಗೆದುಕೊಂಡಿತು. 1970ರ ಆಸುಪಾಸಿನಲ್ಲಿ ಅವರು ಕರ್ನಾಟಕದ ಕಾಡಂಚಿಗೆ ಬಂದು, ನೆಲ ಹಸನು ಮಾಡಿ, ಗೋವಿನಜೋಳ ಬಿತ್ತಿ, ಮತ್ತೆ ಗ್ರಂಥ ಬಿಚ್ಚಿದರು. ಸಾಕಷ್ಟು ನೆಲ ಕೊಟ್ಟ, ರಾಜ್ಯದ ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪನವರನ್ನು ದಲೈ ಲಾಮಾ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಪ್ರವಾಸಿಗರು ಚಿನ್ನದ ಬಣ್ಣದ ಬುದ್ಧನ ಫೋಟೊ ತೆಗೆದುಕೊಂಡು ಮರಳುವ ಈ ಊರುಗಳಲ್ಲಿ ಧರ್ಮ ಮತ್ತು ವಿಜ್ಞಾನದ ನಡುವಿನ ಅಪರೂಪದ ಮಾತುಕತೆಯೊಂದು ನಡೆದಿದೆ ಎಂಬುದು ಪಕ್ಕದ ಹುಬ್ಬಳ್ಳಿಯವರಿಗೂ ಹೆಚ್ಚು ಗೊತ್ತಿದ್ದಂತಿಲ್ಲ.

ಈ ಮಾತುಕತೆಯ ಬೀಜ ಒಂದು ದೂರದರ್ಶಕದಲ್ಲಿದೆ. ಹದಿಮೂರನೆಯ ದಲೈ ಲಾಮಾ ಬಿಟ್ಟುಹೋದ ಆ ಕೊಳವೆಯಲ್ಲಿ ಈಗಿನ ದಲೈ ಲಾಮಾ ಬಾಲಕನಾಗಿದ್ದಾಗ ಪೊಟಾಲಾ ಅರಮನೆಯಿಂದ ಚಂದ್ರನನ್ನು ನೋಡಿದರು. ಚಂದ್ರನ ಮೇಲೆ ಬೆಟ್ಟಗಳ ನೆರಳು ಬಿದ್ದಿತ್ತು. ಚಂದ್ರನಿಗೆ ಸ್ವಂತ ಬೆಳಕಿದೆ ಎಂದು ಗ್ರಂಥ ಹೇಳುತ್ತಿತ್ತು. ಸ್ವಂತ ಬೆಳಕಿದ್ದರೆ ನೆರಳು ಬೀಳುವುದು ಹೇಗೆ? ಹುಡುಗ ತನ್ನ ಗುರುಗಳನ್ನು ಕರೆದು ತೋರಿಸಿದ. ಮುಂದೆ ಅವರು ಭೌತವಿಜ್ಞಾನಿ ಡೇವಿಡ್ ಬೋಮ್ ಅವರಂಥವರೊಡನೆ ಕುಳಿತು ಕಲಿತರು. 1987ರಲ್ಲಿ ಚಿಲಿಯ ವಿಜ್ಞಾನಿ ಫ್ರಾನ್ಸಿಸ್ಕೊ ವರೇಲಾ ಮತ್ತು ಅಮೆರಿಕದ ಆಡಮ್ ಎಂಗಲ್ ಧರ್ಮಶಾಲೆಯಲ್ಲಿ ಏರ್ಪಡಿಸಿದ ಸಂವಾದದಿಂದ ‘ಮೈಂಡ್ ಅಂಡ್ ಲೈಫ್’ ಸಂಸ್ಥೆ ಬೆಳೆಯಿತು.

ಆದರೆ ನಾಲ್ಕಾರು ಪಂಡಿತರು ಸೋಫಾದ ಮೇಲೆ ಕುಳಿತು ಮಾತಾಡಿದರೆ ವಿಹಾರದ ಒಳಗೇನೂ ಬದಲಾಗದು. ಆದ್ದರಿಂದಲೇ ದಲೈ ಲಾಮಾ ಎಮೊರಿ ವಿಶ್ವವಿದ್ಯಾಲಯವನ್ನು ಪಠ್ಯಕ್ರಮ ರೂಪಿಸಲು ಕೇಳಿಕೊಂಡರು. ಅಲ್ಲಿ ಕಲಿಸುತ್ತಿದ್ದ ಗೆಶೆ ಲೋಬ್ಸಾಂಗ್ ತೆಂಜಿನ್ ನೇಗಿ ಇದರ ಮುಂದಾಳುಗಳಲ್ಲೊಬ್ಬರು. ಧರ್ಮಶಾಲೆಯಲ್ಲಿ ಕೆಲವು ವರ್ಷ ಪ್ರಯೋಗ ನಡೆಸಿ, 2014ರಿಂದ ಕರ್ನಾಟಕದ ಮೂರೂ ವಿಹಾರಗಳಲ್ಲಿ ಆರು ವರ್ಷಗಳ ಪಾಠ ಶುರುವಾಯಿತು. ವಿಜ್ಞಾನದ ತತ್ತ್ವ, ಗಣಿತ, ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನ. ಎರಡು ದಶಕದಷ್ಟು ಕಾಲ ಬೇಡುವ, ವಿಹಾರಗಳ ಅತಿ ಹಿರಿಯ ಪದವಿಯಾದ ಗೆಶೆಯ ಓದಿಗೆ ಇದೂ ಸೇರಿಕೊಂಡಿತು.

ಪಾಠ ಯಾವ ಭಾಷೆಯಲ್ಲಿ? ಟಿಬೆಟನ್ನಿನಲ್ಲಿ. ಆ ಭಾಷೆಯಲ್ಲಿ ಜೀನ್‌ಗೆ, ನರಕೋಶಕ್ಕೆ ಪದಗಳಿರಲಿಲ್ಲ. ಭಾಷಾಂತರಕಾರರು ಸಮ್ಮೇಳನದ ಮೇಲೆ ಸಮ್ಮೇಳನ ನಡೆಸಿ ಸಾವಿರಾರು ಪದ ಕಟ್ಟಿದರು. ಕರೆಂಟಿಗೆ ಆ ಭಾಷೆಯವರು ಬಳಸುವುದು ಮಿಂಚಿಗಿದ್ದ ಪದವನ್ನೇ. ನಮ್ಮ ‘ವಿದ್ಯುತ್’ ಕೂಡ ಸಂಸ್ಕೃತದಲ್ಲಿ ಮಿಂಚೇ ಅಲ್ಲವೇ! ಕನ್ನಡದಲ್ಲಿ ವಿಜ್ಞಾನ ಬರೆಯಲು ಹೆಣಗಿದವರಿಗೆ ಈ ಶ್ರಮದ ಬೆಲೆ ಬೇರೆ ಯಾರೂ ಹೇಳಬೇಕಿಲ್ಲ.

ಇನ್ನು ವಾದದ ಅಂಗಳ. ಸಂಜೆ ವಿಹಾರದ ಬಯಲಲ್ಲಿ ಭಿಕ್ಷುಗಳು ಜೋಡಿಯಾಗಿ ಸೇರುತ್ತಾರೆ. ಒಬ್ಬ ಕುಳಿತು ಉತ್ತರಿಸಬೇಕು, ಇನ್ನೊಬ್ಬ ನಿಂತು ಪ್ರಶ್ನಿಸುತ್ತಾನೆ, ಪ್ರತಿ ಪ್ರಶ್ನೆಗೂ ಕಾಲು ಅಪ್ಪಳಿಸಿ ಚಪ್ಪಾಳೆ ಹೊಡೆಯುತ್ತಾನೆ. ನಮ್ಮ ಮಠಗಳ ವಾಕ್ಯಾರ್ಥಗೋಷ್ಠಿಗೆ ಕುಸ್ತಿಯ ಕಸುವು ಕೂಡಿದ ಹಾಗೆ. ಇದರ ಬುನಾದಿ ಬೌದ್ಧ ತಾರ್ಕಿಕರಾದ ದಿಙ್ನಾಗ ಮತ್ತು ಧರ್ಮಕೀರ್ತಿಯ ಪ್ರಮಾಣಶಾಸ್ತ್ರ. ಅವರು ಒಪ್ಪುವ ಪ್ರಮಾಣಗಳು ಎರಡೇ: ಪ್ರತ್ಯಕ್ಷ ಮತ್ತು ಅನುಮಾನ, ಅಂದರೆ ತರ್ಕದಿಂದ ತಿಳಿಯುವುದು. ವಿಹಾರದಲ್ಲಿ ವಿಜ್ಞಾನ ಬೇರೂರಲು ಈ ಅಭ್ಯಾಸವೇ ದೊಡ್ಡ ಕಾರಣ ಎನಿಸುತ್ತದೆ. ಸಾಕ್ಷ್ಯ ಯಾವುದು, ಊಹೆ ಯಾವುದು ಎಂದು ಕೇಳುವುದನ್ನು ಭಿಕ್ಷುಗಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಲಿಲ್ಲ.

ಧರ್ಮ ಮತ್ತು ವಿಜ್ಞಾನದ ಸಂವಾದವೆಂದರೆ ಎಲ್ಲವೂ ನಮ್ಮ ಗ್ರಂಥದಲ್ಲಿ ಮೊದಲೇ ಇತ್ತು ಎಂದು ಸಾಧಿಸುವ ಭಾಷಣ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಅಂಥ ಭಾಷಣದಲ್ಲಿ ಗ್ರಂಥವೂ ಬೆಳೆಯದು, ವಿಜ್ಞಾನವೂ ಬೆಳೆಯದು. ಇಲ್ಲಿನ ದಾರಿ ಬೇರೆ. ಮೇರು ಪರ್ವತವನ್ನು ನಡುವಿಟ್ಟ ಹಳೆಯ ವಿಶ್ವಚಿತ್ರವನ್ನು ತಾವು ಒಪ್ಪುವುದಿಲ್ಲ ಎಂದು ದಲೈ ಲಾಮಾ ಬಹಿರಂಗವಾಗಿ ಹೇಳಿದ್ದಾರೆ. ವಿಜ್ಞಾನ ಖಚಿತವಾಗಿ ಸುಳ್ಳೆಂದು ತೋರಿಸಿದ್ದನ್ನು ಬೌದ್ಧರು ಬಿಡಬೇಕೆಂದು 2005ರ ತಮ್ಮ ಪುಸ್ತಕದಲ್ಲಿ ಬರೆದರು. ಇದನ್ನು ಒಪ್ಪದವರೂ ಇದ್ದಾರೆ. ಮಿಷಿಗನ್ ವಿಶ್ವವಿದ್ಯಾಲಯದ ಬೌದ್ಧ ವಿದ್ವಾಂಸ ಡೊನಾಲ್ಡ್ ಲೋಪೆಜ್ ಅವರ ಆತಂಕ ತೂಕದ್ದು: ವಿಜ್ಞಾನಕ್ಕೆ ಹೊಂದದ್ದನ್ನೆಲ್ಲ ಕಳಚುತ್ತ ಹೋದರೆ ಕೊನೆಗೆ ಉಳಿಯುವುದನ್ನು ಬೌದ್ಧಧರ್ಮ ಎನ್ನಬಹುದೇ?

ವಿಜ್ಞಾನಿಗಳ ಪಾಳಯದಲ್ಲೂ ತಕರಾರುಗಳಿವೆ. 2004ರಲ್ಲಿ ವಿಸ್ಕಾನ್ಸಿನ್‌ನ ರಿಚರ್ಡ್ ಡೇವಿಡ್ಸನ್ ಅವರ ತಂಡ, ಹತ್ತು ಸಾವಿರದಿಂದ ಐವತ್ತು ಸಾವಿರ ಗಂಟೆ ಧ್ಯಾನ ಮಾಡಿದ್ದ ಎಂಟು ಸಾಧಕರ ಮಿದುಳಿನಲ್ಲಿ ಅಸಾಮಾನ್ಯ ಬಲದ ಗಾಮಾ ತರಂಗಗಳನ್ನು ಕಂಡಿತು. ಎಂಟೇ ಜನ ಎಂಬುದನ್ನು ಮರೆತು ಜಗತ್ತು ಸಂಭ್ರಮಿಸಿತು. ಮರುವರ್ಷ ವಾಷಿಂಗ್ಟನ್‌ನ ನರವಿಜ್ಞಾನ ಸಮ್ಮೇಳನಕ್ಕೆ ದಲೈ ಲಾಮಾ ಅವರನ್ನು ಕರೆದಾಗ ನೂರಾರು ವಿಜ್ಞಾನಿಗಳು ಸಹಿ ಹಾಕಿ ವಿರೋಧಿಸಿದರು. ಆದರೂ ದಲೈ ಲಾಮಾ ಹೋದರು, ಮಾತಾಡಿದರು.

ಅದೇ ಡೇವಿಡ್ಸನ್ ಬಳಗ ‘ತುಕ್‌ದಮ್’ ಕುರಿತೂ ಅಧ್ಯಯನ ಮಾಡಿತು. ಕೆಲವು ಸಾಧಕರು ಸತ್ತ ಮೇಲೂ ಧ್ಯಾನದಲ್ಲಿರುತ್ತಾರೆ, ಅವರ ದೇಹ ದಿನಗಟ್ಟಲೆ ಕೆಡುವುದಿಲ್ಲ ಎಂಬುದು ನಂಬಿಕೆ. ಟಿಬೆಟನ್ನರ ಸಹಕಾರದಿಂದಲೇ ಹದಿಮೂರು ಮಂದಿಯ ತಲೆಗೆ ಇಇಜಿ ಜೋಡಿಸಿ ಅಳೆದರು. ಮಿದುಳಿನ ಯಾವ ಚಟುವಟಿಕೆಯೂ ಸಿಗಲಿಲ್ಲ ಎಂದು 2021ರಲ್ಲಿ ಪ್ರಕಟಿಸಿದರು. ಇಡೀ ಸಾಹಸದಲ್ಲಿ ಮನಸ್ಸನ್ನು ಹೆಚ್ಚು ತಟ್ಟುವುದು ಇದೇ. ಗುರುವಿನ ಮೃತದೇಹದ ಬಳಿಗೆ ಯಂತ್ರವನ್ನು ಬಿಟ್ಟುಕೊಂಡ ಶಿಷ್ಯರ ಧೈರ್ಯ ಸಣ್ಣದಲ್ಲ. ಬಯಸಿದ ಫಲ ಸಿಗದಿದ್ದಾಗ ಅದನ್ನು ಹಾಗೆಯೇ ಅಚ್ಚುಮಾಡಿದವರ ಪ್ರಾಮಾಣಿಕತೆಯೂ ಸಣ್ಣದಲ್ಲ.

2013ರ ಜನವರಿಯಲ್ಲಿ ಮೈಂಡ್ ಅಂಡ್ ಲೈಫ್ ಸಂವಾದ ಮುಂಡಗೋಡದ ಡ್ರೆಪುಂಗ್‌ನಲ್ಲೇ ಆರು ದಿನ ನಡೆಯಿತು. ಸಾವಿರಾರು ಭಿಕ್ಷುಗಳು ಕೇಳಿದರು. ಅಲ್ಲಿ ಮಾತಾಡಿದ ನರವಿಜ್ಞಾನಿ ಕ್ರಿಸ್ಟೋಫ್ ಕಾಕ್ ಅವರು ಮಿದುಳಿಲ್ಲದೆ ಮನಸ್ಸಿಲ್ಲ ಎಂಬ ನಿಲುವಿನವರು. ದಲೈ ಲಾಮಾ ಪುನರ್ಜನ್ಮವನ್ನು ನಂಬುವವರು. ಇಬ್ಬರ ನಡುವಿನ ಆ ಗೆರೆ ಅಳಿಯಲಿಲ್ಲ.  ಆದರೂ ಮಾತುಕತೆ ನಿಲ್ಲಲಿಲ್ಲ: 2017ರಲ್ಲಿ ಅದೇ ಡ್ರೆಪುಂಗ್‌ನಲ್ಲಿ ಧ್ಯಾನ ಮತ್ತು ವಿಜ್ಞಾನದ ಕೇಂದ್ರವೊಂದು ಬಾಗಿಲು ತೆರೆಯಿತು.

ಬ್ಯಾಕ್ಟೀರಿಯಾದ ಪ್ರಶ್ನೆ ಎದುರಿಸಿದ ಐಸನ್ ಅವರು ಎಮೊರಿಯಲ್ಲಿ ಓದಿದ ಗೆಶೆ ಯುಂಗ್‌ಡ್ರುಂಗ್ ಕೊಂಚೊಕ್ ಅವರೊಡನೆ ಸೇರಿ 2017ರಲ್ಲಿ ಪುಸ್ತಕವೊಂದನ್ನು ತಂದರು. ಅದರಲ್ಲೂ ಆ ಚರ್ಚೆ ಇದೆ. ಬ್ಯಾಕ್ಟೀರಿಯಾದ ಚಲನೆ ಬರೀ ರಾಸಾಯನಿಕ ಕ್ರಿಯೆ, ಅಲ್ಲಿ ಮನಸ್ಸೆಲ್ಲಿ ಬಂತು ಎಂದು ವಾದದ ಅಂಗಳದಲ್ಲಿ ಕುಳಿತವನು ಹೇಳಬಹುದು. ನಿಂತವನ ಚಪ್ಪಾಳೆಯ ಹಿಂದೆಯೇ ಮರುಪ್ರಶ್ನೆ ಬರುತ್ತದೆ: ನಿನ್ನ ನರಕೋಶದಲ್ಲಿ ನಡೆಯುತ್ತಿರುವುದು ಮತ್ತೇನು?